ಮಾಟಗಾತಿಗೂ ಒಂದು ಹೆಸರಿರುತ್ತದೆ

ಮಕ್ಕಳೇ, ಈ ಪುಟವನ್ನು ಮಕ್ಕಳಿಗೆ ಓದಿ ಹೇಳುವ ಅಜ್ಜ ಅಜ್ಜಿಯರೇ,

ಎಪ್ಪತ್ತು ದಾಟಿದ ಮೇಲೆ ನಾನೊಂದು ಪ್ರೇಮ ಕಾದಂಬರಿ ಓದಿದೆ. ಅದೂ ಮಾಟಗಾತಿಯ ಪ್ರೇಮ ಕಾದಂಬರಿ! ಬ್ಯಾಂಕಿನ ಲೆಡ್ಜರ್ ನೋಡಿ ನೋಡಿ ಕಣ್ಣು ಸವೆಸಿದ ಮನುಷ್ಯನಿಗೆ ಇದೇನು ಬಂತು ಎಂದು ನಗಬೇಡಿ. ರಜೆಗೆ ಬಂದ ಮೊಮ್ಮಗಳು ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದಳು. ಬರೆದವರ ಹೆಸರು ಸಂಗು ಮಂದಣ್ಣ ಎಂದಿತ್ತು. ಅರೆ, ಇದು ನಮ್ಮ ಕೊಡಗಿನ ಕಡೆಯ ಹೆಸರಲ್ಲವೇ ಎಂದು ಒಂದು ಪುಟ ತಿರುಗಿಸಿದೆ. ಅವಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಇಪ್ಪತ್ತು ಪುಟ ಆಗಿತ್ತು.

"ತಾತ, ಅದು ನನ್ನ ಪುಸ್ತಕ!" ಎಂದಳು. ಕೊನೆಗೆ ಒಪ್ಪಂದ ಮಾಡಿಕೊಂಡೆವು. ಹಗಲು ಅವಳಿಗೆ, ರಾತ್ರಿ ನನಗೆ.

ಸಂಗು ಮಂದಣ್ಣ ಬೆಂಗಳೂರಿನಲ್ಲಿ ಬೆಳೆದವರು. ಈಗ ಇಂಗ್ಲೆಂಡಿನ ನಾರ್ವಿಚ್‌ನಲ್ಲಿದ್ದಾರೆ. ನಾಲ್ಕು ವರ್ಷದವರಿದ್ದಾಗ ಕಾಡುದಾರಿಯಲ್ಲಿ ಆನೆಯೊಂದು ಅಟ್ಟಿಸಿಕೊಂಡು ಬಂತಂತೆ. ಅದರ ಬಗ್ಗೆಯೇ ಮೊದಲ ಕಥೆ ಬರೆಯಲು ಹೊರಟೆ ಎಂದು ಅವರೇ ಹೇಳಿಕೊಂಡಿದ್ದಾರೆ. ನೋಡಿದಿರಾ, ಹೆದರಿಕೆಯೂ ಕಥೆಯಾಗುತ್ತದೆ! 2022ರಲ್ಲಿ ಬಂದ ಈ ಇಂಗ್ಲಿಷ್ ಕಾದಂಬರಿಯ ಹೆಸರು 'ದಿ ವೆರಿ ಸೀಕ್ರೆಟ್ ಸೊಸೈಟಿ ಆಫ್ ಇರ್ರೆಗ್ಯುಲರ್ ವಿಚಸ್'. ಹೆಸರೇ ರೈಲಿನಷ್ಟು ಉದ್ದ. ಗುಟ್ಟಾಗಿ ನಡೆಯುವ ಮಾಟಗಾತಿಯರ ಸಂಘ ಎಂದಿಟ್ಟುಕೊಳ್ಳಿ.

ಕಥಾನಾಯಕಿ ಮೀಕಾ ಮೂನ್. ವಯಸ್ಸು 31. ಹುಟ್ಟಿದ್ದು ಭಾರತದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಈ ಕಥೆಯಲ್ಲಿ ಮಾಟಗಾತಿಯರಿಗೆಲ್ಲ ಒಂದು ಹಳೆಯ ಶಾಪವಿದೆ. ಎಂದೋ ಯಾರೋ ಮಾಡಿದ ಮಂತ್ರ ಎಡವಟ್ಟಾಗಿ, ಅಂದಿನಿಂದ ಮಾಟಗಾತಿಯಾಗಿ ಹುಟ್ಟಿದ ಪ್ರತಿ ಮಗುವೂ ತಬ್ಬಲಿಯಾಗುತ್ತದೆ. ಮೀಕಾಳೂ ಹಾಗೆಯೇ. ಪ್ರಿಮ್‌ರೋಸ್ ಎಂಬ ಹಿರಿಯ ಮಾಟಗಾತಿ ಅವಳನ್ನು ತಂದು, ಆಯಾಗಳ ಕೈಯಲ್ಲಿ ಬೆಳೆಸುತ್ತಾಳೆ.

ಈ ಪ್ರಿಮ್‌ರೋಸ್ ಬಹಳ ಕಟ್ಟುನಿಟ್ಟು. ಮಾಟಗಾತಿಯರು ಒಂದೇ ಕಡೆ ಇರಕೂಡದು, ಇದ್ದರೆ ಶಕ್ತಿ ಒಟ್ಟುಗೂಡಿ ಜನರ ಕಣ್ಣಿಗೆ ಬೀಳುತ್ತೀರಿ ಎನ್ನುತ್ತಾಳೆ. ಮೂರು ತಿಂಗಳಿಗೊಮ್ಮೆ, ಅದೂ ಮೂರನೆಯ ಗುರುವಾರ, ಸ್ವಲ್ಪ ಹೊತ್ತು ಸೇರಿ ಚದುರಿಬಿಡಬೇಕು. ಮೂರು ತಿಂಗಳಿಗೊಮ್ಮೆ ಎಂದ ಕೂಡಲೇ ನನಗೆ ಬ್ಯಾಂಕಿನ ಕ್ಲೋಸಿಂಗ್ ನೆನಪಾಯಿತು. ನಾವಾದರೋ ಆ ರಾತ್ರಿ ಲೆಕ್ಕ ತಾಳೆಯಾಗುವ ತನಕ ಒಟ್ಟಿಗೆ ಕೂತು, ಉಪ್ಪಿಟ್ಟು ತಿಂದು, ಹರಟೆ ಹೊಡೆದು, ಬೆಳಗಿನ ಜಾವ ಮನೆಗೆ ಹೋಗುತ್ತಿದ್ದೆವು. ಮೀಕಾಳಿಗೆ ಆ ಭಾಗ್ಯವೂ ಇಲ್ಲ. ಜೊತೆಗೆ ಇರುವುದು ಸರ್ಸಿ ಎಂಬ ನಾಯಿ ಮಾತ್ರ. ಯಾರನ್ನೂ ಹಚ್ಚಿಕೊಳ್ಳದೆ, ಊರಿಂದೂರಿಗೆ ಮನೆ ಬದಲಿಸುತ್ತಾ ಇರುತ್ತಾಳೆ.

ಬೇಸರ ಕಳೆಯಲು ಮಾಟಗಾತಿಯಂತೆ ನಟಿಸುವ ವಿಡಿಯೋ ಮಾಡಿ ಹಾಕುತ್ತಾಳೆ. ನಿಜವೆಂದು ಯಾರು ನಂಬುತ್ತಾರೆ ಎಂಬ ಧೈರ್ಯ. ಒಂದು ಮನೆಯವರು ನಂಬುತ್ತಾರೆ! ನಾರ್ಫೋಕ್‌ನ ಕಡಲ ತೀರದ 'ನೋವೇರ್ ಹೌಸ್'ನಿಂದ ಕರೆ ಬರುತ್ತದೆ. ಅಲ್ಲಿ ಮೂವರು ಪುಟ್ಟ ಮಾಟಗಾತಿಯರಿದ್ದಾರೆ, ಅವರಿಗೆ ಪಾಠ ಹೇಳಬೇಕು. ಕರೆ ಕಳಿಸಿದ್ದು ನನಗಿಂತಲೂ ಹಿರಿಯ ಇಯಾನ್ ತಾತ. ಅವರ ಸಂಗಾತಿ ಕೆನ್, ಮನೆ ನೋಡಿಕೊಳ್ಳುವ ಲೂಸಿ, ಸಿಡುಕು ಮೋರೆಯ ಗ್ರಂಥಪಾಲಕ ಜೇಮಿ ಎಲ್ಲರೂ ಅಲ್ಲಿದ್ದಾರೆ. ಜೇಮಿಗೂ ಮೀಕಾಳಿಗೂ ಏನಾಗುತ್ತದೆ ಎಂಬುದು ಮೊದಲ ಜಗಳದಲ್ಲೇ ಗೊತ್ತಾಗಿಬಿಡುತ್ತದೆ. ಗೊತ್ತಿದ್ದೂ ಓದುತ್ತೇವೆ. ಹಬ್ಬದ ಹೋಳಿಗೆಯ ರುಚಿ ಗೊತ್ತಿಲ್ಲವೆಂದೇ ಪ್ರತಿ ವರ್ಷ ತಿನ್ನುತ್ತೇವೆಯೇ?

ಆ ಮೂವರು ಹುಡುಗಿಯರ ಹೆಸರು ರೊಸೆಟ್ಟಾ, ಟೆರಾಕೋಟಾ, ಆಲ್ಟಮೀರಾ. ಅವರನ್ನು ಮನೆಗೆ ತಂದಾಕೆ ಪುರಾತತ್ವ ತಜ್ಞೆ. ರೊಸೆಟ್ಟಾ ಎಂಬುದು ಈಜಿಪ್ಟಿನಲ್ಲಿ 1799ರಲ್ಲಿ ಸಿಕ್ಕ ಶಾಸನದ ಕಲ್ಲು. ಅದರ ನೆರವಿನಿಂದಲೇ ಈಜಿಪ್ಟಿನ ಚಿತ್ರಲಿಪಿ ಓದಲು ಸಾಧ್ಯವಾಯಿತು. ಟೆರಾಕೋಟಾ ಎಂದರೆ ಸುಟ್ಟ ಜೇಡಿಮಣ್ಣು. 1974ರಲ್ಲಿ ಚೀನಾದ ರೈತರು ಬಾವಿ ತೋಡುವಾಗ ಮಣ್ಣಿನ ಸೈನಿಕರ ಇಡೀ ಪಡೆಯೇ ಸಿಕ್ಕಿತ್ತು. ಆಲ್ಟಮೀರಾ ಸ್ಪೇನ್ ದೇಶದ ಗುಹೆ. 1879ರಲ್ಲಿ ಅಪ್ಪ ಅಲ್ಲಿ ನೆಲದಲ್ಲಿ ಏನೋ ಹುಡುಕುತ್ತಿದ್ದರೆ, ಎಂಟು ವರ್ಷದ ಮಗಳು ಮರಿಯಾ ತಲೆಯೆತ್ತಿ ನೋಡಿದಳು. ಚಾವಣಿಯ ತುಂಬ ಆದಿಮಾನವರು ಬರೆದ ಕಾಡುಕೋಣಗಳು! ಮೂರೂ ಎಷ್ಟೋ ಕಾಲ ಯಾರಿಗೂ ಬೇಡವಾಗಿ ಬಿದ್ದಿದ್ದವು. ಯಾರೋ ಒಬ್ಬರು ಗಮನಿಸಿದರು, ಅಷ್ಟೆ. ಮೀಕಾಳ ಕಥೆಯೂ ಅದೇ.

ಮೂರನೆಯ ರಾತ್ರಿ ಪುಸ್ತಕ ಮುಗಿಸಿ ದೀಪ ಆರಿಸಿದರೆ ನಿದ್ದೆ ಬರಲಿಲ್ಲ. ನಮ್ಮೂರಿನ 'ಮಾಟಗಾತಿ' ನೆನಪಾದಳು.

ಊರ ಕೊನೆಯ ಗುಡಿಸಿಲಿನಲ್ಲಿ ಒಂಟಿ ಮುದುಕಿಯೊಬ್ಬಳಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ನಾಟಿ ಔಷಧ ಕೊಡುತ್ತಿದ್ದಳು. ಜನ ಕತ್ತಲಾದ ಮೇಲೆ ಅವಳ ಬಳಿ ಹೋಗುತ್ತಿದ್ದರು, ಹಗಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಮಂಗನಬಾವು ಬಂತು. ಅಮ್ಮ ರಾತ್ರಿ ಸೆರಗಿನಲ್ಲಿ ಮುಚ್ಚಿಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಮುದುಕಿ ಯಾವುದೋ ಬೇರು ತೇಯ್ದು ಕೆನ್ನೆಗೆ ಹಚ್ಚಿದಳು. ಅಳಬೇಡವೆಂದು ಒಂದು ಚೂರು ಬೆಲ್ಲ ಕೊಟ್ಟಳು. ಮಂಗನಬಾವು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ನೀವು ಮಾತ್ರ ಡಾಕ್ಟರ ಬಳಿಯೇ ಹೋಗಿ. ಆದರೆ ಆ ಬೆಲ್ಲ ನಿಜ.

ವಾಸಿಯಾದ ಮೇಲೆ ಒಂದು ದಿನ ಗೆಳೆಯರ ಜೊತೆ ಕೆರೆ ಏರಿಯ ಮೇಲಿದ್ದೆ. ಅವಳು ಸೌದೆ ಹೊತ್ತು ಬಂದಳು. ಹುಡುಗರೆಲ್ಲ "ಮಾಟಗಾತಿ, ಮಾಟಗಾತಿ" ಎಂದು ಕೂಗಿದರು. ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ. ಅವಳು ನಿಂತಳು. ನನ್ನನ್ನೇ ನೋಡಿ, "ಬಾವು ಇಳೀತೇನಪ್ಪಾ?" ಎಂದಳು.

ನಾನು ಓಡಿಹೋದೆ. ಮತ್ತೆಂದೂ ಅವಳ ಎದುರು ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಅವಳು ತೀರಿಕೊಂಡಳು.

ಬೆಳಗ್ಗೆ ಎದ್ದವನೇ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೀಗ ಎಂಬತ್ತೆರಡು. "ಅಕ್ಕ, ಬೇರು ತೇಯ್ದು ಹಚ್ತಿದ್ದಳಲ್ಲ ಆ ಅಜ್ಜಿ, ಅವಳ ಹೆಸರೇನು?" ಎಂದೆ. ಅಕ್ಕ ಬಹಳ ಹೊತ್ತು ಯೋಚಿಸಿದಳು. "ಅಯ್ಯೋ, ಹೆಸರು ಯಾರು ಕೇಳಿದ್ರು? ಎಲ್ಲರೂ ಹಂಗೇ ಕರೀತಿದ್ವಲ್ಲೋ" ಎಂದಳು.

ಬ್ಯಾಂಕಿನಲ್ಲಿ ಸಾವಿರಾರು ಜನರ ಹೆಸರನ್ನು ಒಂದಕ್ಷರ ತಪ್ಪದಂತೆ ಬರೆದವನು ನಾನು. ನನ್ನ ಕೈಗೆ ಬೆಲ್ಲವಿಟ್ಟವಳ ಹೆಸರು ನನಗೆ ಗೊತ್ತಿಲ್ಲ. ಈ ಲೆಕ್ಕ ಇನ್ನು ತಾಳೆಯಾಗುವುದಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಕಾಫಿ ತಂದು ಪಕ್ಕದಲ್ಲಿ ಕೂತಳು.

ಮಕ್ಕಳೇ, ಇದು ದೊಡ್ಡವರ ಕಾದಂಬರಿ, ನೀವು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಓದಿ. ಅಲ್ಲಿಯವರೆಗೆ ಇದೇ ಲೇಖಕಿ ನಿಮಗಾಗಿ ಬರೆದ 'ಕಿಕಿ ಕಲ್ಲಿರಾ ಬ್ರೇಕ್ಸ್ ಎ ಕಿಂಗ್‌ಡಮ್' ಇದೆ. ಲಂಡನ್ನಿನ ಪುಕ್ಕಲು ಹುಡುಗಿಯೊಬ್ಬಳು ಬರೆದ ಚಿತ್ರಗಳಿಗೆ ಜೀವ ಬರುತ್ತದೆ. ಅದರಲ್ಲಿ ನಮ್ಮ ಮೈಸೂರಿದೆ, ಮಹಿಷಾಸುರನಿದ್ದಾನೆ!

ಈ ವಾರ ಒಂದು ಕೆಲಸ ಮಾಡುತ್ತೀರಾ? ನಿಮ್ಮ ಬೀದಿಯಲ್ಲೂ ಅಡ್ಡಹೆಸರಿನಿಂದಲೇ ಎಲ್ಲರಿಗೂ ಗೊತ್ತಿರುವ ಒಬ್ಬರು ಇರಬಹುದು. ಮನೆಯ ಹಿರಿಯರ ಕೈ ಹಿಡಿದುಕೊಂಡು ಹೋಗಿ, ನಮಸ್ಕಾರ ಹೇಳಿ, ಅವರ ಹೆಸರೇನೆಂದು ಕೇಳಿ. ಕೇಳಿಕೊಂಡ ಮೇಲೆ ಆ ಹೆಸರಿನಿಂದಲೇ ಕರೆಯಿರಿ.