ಮೂರು ತಲೆಮಾರಿನ ಹೆಸರು

ಶ್ರದ್ಧೆಯಿಂದ ಕೊಟ್ಟದ್ದು ಶ್ರಾದ್ಧ ಎಂಬುದು ಸಂಪ್ರದಾಯದ ನಿರ್ವಚನ. ಕೊಡುವ ವಸ್ತುಗಳಾದರೋ ತೀರ ಸರಳವಾದವು: ಎಳ್ಳು, ನೀರು, ದರ್ಭೆ, ಅನ್ನದ ಪಿಂಡ. ಇಲ್ಲಿ ಬಡಿಸಿದ್ದು ಸತ್ತವರಿಗೆ ತಲುಪುವುದಾದರೆ ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವುದೇಕೆ ಎಂಬ ಚಾರ್ವಾಕರ ಆಕ್ಷೇಪವನ್ನು ಹದಿನಾಲ್ಕನೆಯ ಶತಮಾನದ 'ಸರ್ವದರ್ಶನಸಂಗ್ರಹ' ದಾಖಲಿಸಿದೆ. ತರ್ಕದ ನೆಲೆಯಲ್ಲಿ ಈ ಆಕ್ಷೇಪ ಬಲವಾದದ್ದೇ. ಆದರೆ ಶ್ರಾದ್ಧದ ಅರ್ಥ ಅನ್ನವು ತಲುಪುವುದೇ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುವುದಿಲ್ಲ.

ಈ ವಿಧಿಯ ಕೇಂದ್ರದಲ್ಲಿರುವುದು ಹೆಸರು. ತಂದೆ, ಅಜ್ಜ, ಮುತ್ತಜ್ಜ ಈ ಮೂವರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ, ಗೋತ್ರ ಹಾಗೂ ನಾಮಗಳನ್ನು ಉಚ್ಚರಿಸಿ ಕರೆಯಬೇಕು. ತಾಯಿ, ಅಜ್ಜಿಯಂದಿರಿಗೂ ಮಾತಾಮಹರಿಗೂ ಅಲ್ಲಿ ಸ್ಥಾನವಿದೆ. ಬಂಧುಗಳಿಲ್ಲದೆ ಅಳಿದವರಿಗಾಗಿಯೂ ತರ್ಪಣದಲ್ಲಿ ನೀರು ಬಿಡುವುದುಂಟು. ಪಿತೃಋಣವೆಂದರೆ ಮೊದಲಿಗೆ ಈ ನೆನಪಿನ ಋಣವೇ.

ಶಾಸ್ತ್ರದ ಹೊರಗೂ ಇದೇ ಭಾವವಿದೆ. ಹಳೆಯ ಮೈಸೂರು ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಹೊಸ ಬಟ್ಟೆಯನ್ನೂ ಅವರು ಇಷ್ಟಪಡುತ್ತಿದ್ದ ತಿನಿಸನ್ನೂ ಎಡೆಯಲ್ಲಿಡುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಗತಿಸಿದವರಿಗೆ ಅಗೆಲು ಬಡಿಸುವಾಗ ಪುರೋಹಿತನ ಸಂಸ್ಕೃತಕ್ಕಿಂತ ಮನೆಯ ಮಾತೇ ಮುಖ್ಯ. ಅಳಿಯಸಂತಾನದ ಕುಟುಂಬಗಳಲ್ಲಂತೂ ವಂಶದ ಎಣಿಕೆಯೇ ತಾಯಿಯ ಕಡೆಯಿಂದ.

ಮುಂಬಯಿಯ ವಾಲ್ಕೇಶ್ವರದ ಬಾಣಗಂಗೆಯಲ್ಲಿ ಸರ್ವಪಿತೃ ಅಮಾವಾಸ್ಯೆಯಂದು ಪಿಂಡ ಬಿಡುವವರ ಸಂದಣಿ ಇಂದಿಗೂ ಸೇರುತ್ತದೆ. ಊರು ಬಿಟ್ಟ ಕುಟುಂಬದ ಮೂರನೆಯ ತಲೆಮಾರಿನವನು ಅಲ್ಲಿ ಕುಳಿತಾಗ, ಮುತ್ತಜ್ಜನ ಹೆಸರೇನೆಂಬ ಪುರೋಹಿತನ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ವಿಧಿಯು ಹೇಗೋ ಮುಂದುವರಿಯುತ್ತದೆ, ಏಕೆಂದರೆ ಹೆಸರು ತಿಳಿಯದವರಿಗೂ ಶಾಸ್ತ್ರವು ದಾರಿ ಮಾಡಿದೆ. ಆದರೆ ಕಳೆದುಹೋದ ಹೆಸರಿನೊಂದಿಗೆ ಒಂದು ಊರು, ಒಂದು ಕಸುಬು, ಒಂದು ನುಡಿಯೂ ಕಳೆದಿರುತ್ತವೆ. ದಕ್ಷಿಣೆ ಕೊಟ್ಟು ಇದನ್ನು ತುಂಬಿಕೊಳ್ಳಲಾಗದು.

ಸತ್ತವನ ಕರ್ಮ ಮಾಡಬೇಕಾದವರು ಯಾರೆಂಬ ಪ್ರಶ್ನೆಯನ್ನು 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಎತ್ತಿತು. ಅಗ್ರಹಾರವು ಅಧಿಕಾರದ ಜಿಜ್ಞಾಸೆಯಲ್ಲಿ ಮುಳುಗಿರುವಾಗ ನಾರಣಪ್ಪನ ಶವಕ್ಕೆ ಬೆಂಕಿ ದೊರಕಿಸಿದವಳು ಅವನೊಡನೆ ಬಾಳಿದ ಚಂದ್ರಿ. ಋಣವನ್ನು ಬಲ್ಲವರೇ ಅಧಿಕಾರಿಗಳೆಂಬ ಅರ್ಥ ಅಲ್ಲಿ ಹೊಳೆಯುತ್ತದೆ. ಮಗನಿಲ್ಲವೆಂಬ ಕಾರಣಕ್ಕೆ ಮಗಳನ್ನು ದೂರವಿರಿಸಿ ದೂರದ ದಾಯಾದಿಯನ್ನು ಹುಡುಕುವ ರೂಢಿಯನ್ನು ಈ ಬೆಳಕಿನಲ್ಲಿ ಮರುವಿಚಾರ ಮಾಡಬೇಕಾಗಿದೆ. ತಂದೆಯನ್ನು ಕೊನೆಯವರೆಗೆ ನೋಡಿಕೊಂಡವಳ ಕೈಯ ನೀರಿಗಿಂತ ಶ್ರದ್ಧೆಯುಳ್ಳ ನೀರು ಯಾವುದು?

ಹೊರನಾಡಿನ ಕನ್ನಡಿಗರು ಶ್ರಾದ್ಧವನ್ನು ನಂಬಲಿ, ಬಿಡಲಿ; ಮನೆಯ ಹಿರಿಯರು ಬದುಕಿರುವಾಗಲೇ ಎರಡೂ ಕಡೆಯ ಮೂರು ತಲೆಮಾರಿನ ಗಂಡಸರ, ಹೆಂಗಸರ ಹೆಸರನ್ನೂ ಊರನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಪಕ್ಷ, ತಿಥಿಗಳ ನಿರೀಕ್ಷೆ ಬೇಕಿಲ್ಲ.