ಮನೆ ಕಂದಾಯ ಏರಿತು, ಶಾಲೆಗೆ ಏನು ಬಂತು?

ಹಾಸನದಲ್ಲೀಗ ಮಹಾನಗರ ಪಾಲಿಕೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಪುರಸಭೆ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ. ಕಚೇರಿಯ ನಾಮಫಲಕ ಬೇರೆಯಾದರೂ ಕಂದಾಯದ ಲೆಕ್ಕದ ಬುಡ ಒಂದೇ. 2021-22ರಿಂದ ಆಸ್ತಿ ತೆರಿಗೆಗೆ ಮಾರ್ಗಸೂಚಿ ಬೆಲೆಯೇ ಆಧಾರ. 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಆ ಬೆಲೆಯೂ ಪರಿಷ್ಕರಣೆಯಾಯಿತು. ಮನೆಯವರ ಸಂಪಾದನೆ ಇದ್ದಷ್ಟೇ ಇದ್ದರೂ ತೆರಿಗೆ ಮಾತ್ರ ಏರುವ ವ್ಯವಸ್ಥೆ ಇದು.

ಹೀಗೆ ಕಟ್ಟಿದ ಹಣ ನಮ್ಮೂರ ಸರ್ಕಾರಿ ಶಾಲೆಗೆ ಹೋಗುತ್ತದೆಯೇ? ಇಲ್ಲ. ಪಟ್ಟಣದ ಕಂದಾಯ ರಸೀದಿಯಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಇರುತ್ತವೆ, ಶಾಲೆಯ ಹೆಸರಿರುವುದಿಲ್ಲ. ಅಮೆರಿಕದಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುತ್ತದೆ. ಹಾಗಾಗಿ ಸಿರಿವಂತರ ಬಡಾವಣೆಗೆ ಒಳ್ಳೆಯ ಶಾಲೆ, ಬಡವರ ಕೇರಿಗೆ ಸೊರಗಿದ ಶಾಲೆ. ನಮ್ಮಲ್ಲಿ ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬರುವುದು ಒಳ್ಳೆಯದೇ. ಆದರೆ ಆ ಖಜಾನೆ ಕೈ ಬಿಗಿ ಮಾಡಿದರೆ ಶಾಲೆಗೆ ಬೇರೆ ದಿಕ್ಕಿಲ್ಲ.

ಬಜೆಟ್ ಅಂಕಿಗಳನ್ನೇ ನೋಡಿ. 2024-25ರಲ್ಲಿ ಶಿಕ್ಷಣಕ್ಕೆ 44,422 ಕೋಟಿ ರೂ., 2025-26ರಲ್ಲಿ 45,286 ಕೋಟಿ ರೂ. ಏರಿಕೆ ಶೇ 2ರಷ್ಟು. ಅದೇ ಅವಧಿಯಲ್ಲಿ ಬಜೆಟ್ ಗಾತ್ರ ಸುಮಾರು 3.71 ಲಕ್ಷ ಕೋಟಿಯಿಂದ 4.09 ಲಕ್ಷ ಕೋಟಿಗೆ, ಅಂದರೆ ಶೇ 10ರಷ್ಟು ಬೆಳೆಯಿತು. ಶಿಕ್ಷಣದ ಪಾಲು ಶೇ 12ರಿಂದ 11ರ ಆಸುಪಾಸಿಗೆ ಇಳಿಯಿತು. ಯಾರೂ ಇದನ್ನು ಕಡಿತ ಎಂದು ಘೋಷಿಸಲಿಲ್ಲ. ಬೆಲೆ ಏರಿಕೆಯ ಕಾಲದಲ್ಲಿ ಇದು ಕಡಿತವೇ.

ಕೊರತೆ ಬಿದ್ದಾಗ ಕೈ ಚಾಚುವುದು ಪೋಷಕರ ಕಡೆಗೆ. 2022ರ ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಬಂದು, ಟೀಕೆಯ ನಂತರ ಕೆಲವೇ ದಿನಗಳಲ್ಲಿ ವಾಪಸಾಯಿತು. ಸಮಗ್ರ ಶಿಕ್ಷಣ ಯೋಜನೆಯಡಿ 100 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ ಹೆಚ್ಚೆಂದರೆ 25,000 ರೂ. ಸುಣ್ಣ, ಸೀಮೆಸುಣ್ಣ, ಶೌಚಾಲಯ ಎಲ್ಲ ಇದರಲ್ಲೇ.

ಇದು ನಮಗೂ, ಅಂದರೆ ಬಿ.ಇಡಿ., ಡಿ.ಇಡಿ. ಮುಗಿಸಿ ಕಾಯುತ್ತಿರುವವರಿಗೂ ಸಂಬಂಧಿಸಿದ ವಿಷಯ. ಹಣ ಬಿಗಿಯಾದಾಗ ಕಾಯಂ ನೇಮಕಾತಿ ತಡವಾಗುತ್ತದೆ, ಅತಿಥಿ ಶಿಕ್ಷಕರಿಂದ ಕೆಲಸ ಸಾಗುತ್ತದೆ. ಅವರ ಗೌರವಧನ 2,000 ರೂ. ಹೆಚ್ಚಿಸಿದರೂ ಅದು ಕಾಯಂ ಕೆಲಸವಾಗದು.

ಕಂದಾಯ ಕಟ್ಟುವುದು ಬೇಡ ಎನ್ನುತ್ತಿಲ್ಲ. ರಸ್ತೆ, ಚರಂಡಿ, ನೀರಿಗೆ ಅದು ಬೇಕೇ ಬೇಕು. ಆದರೆ ವಾರ್ಡಿನ ಸದಸ್ಯರನ್ನು ಕಂದಾಯದ ಲೆಕ್ಕ ಕೇಳುವಂತೆಯೇ, ಶಾಸಕರನ್ನು ಖಾಲಿ ಹುದ್ದೆಗಳ ಲೆಕ್ಕ ಕೇಳೋಣ. ಮತ ಕೇಳಲು ಅವರು ನಮ್ಮ ಮನೆಗೇ ಬರುತ್ತಾರಲ್ಲ!