ಭಯದ ಚಿತ್ರಕ್ಕೆ ಎರಡು ತಕ್ಕಡಿ

ರಕ್ತ ಹರಿಯುವ ದೆವ್ವದ ಚಿತ್ರಗಳನ್ನು ಎಳೆಯ ಮಕ್ಕಳಿಗೆ ತೋರಿಸಬಾರದೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ಚಿತ್ರ ಯಾವ ವಯಸ್ಸಿಗೆ ಎಂದು ತೂಗುವ ತಕ್ಕಡಿ ಯಾರ ಕೈಯಲ್ಲಿದೆ? ಖೊಟ್ಟಿ ಬಟ್ಟು ಇಟ್ಟ ಬಡ ಅಂಗಡಿಯವನನ್ನು ಸಂತೆಯಲ್ಲೇ ಹಿಡಿದು ದಂಡ ಹಾಕುತ್ತಾರೆ. ಚಿತ್ರದ ಸಂತೆಯಲ್ಲಿ ಹಿಡಿಯುವವರಾರು?

ಅಮೆರಿಕಾದಲ್ಲಿ 1968ರಿಂದ ಈ ತಕ್ಕಡಿ ಹಿಡಿದಿರುವುದು ಸರ್ಕಾರವಲ್ಲ, ದೊಡ್ಡ ಚಿತ್ರ ಕಂಪೆನಿಗಳ ಸಂಘವೇ. 1979ರಲ್ಲಿ ರೊಮೆರೊ ಎಂಬ ಸ್ವತಂತ್ರ ನಿರ್ದೇಶಕನ ‘ಡಾನ್ ಆಫ್ ದಿ ಡೆಡ್’ ಅಲ್ಲಿ ತೆರೆಗೆ ಬಂತು. ಸತ್ತವರು ಎದ್ದು, ಬದುಕಿದ್ದಾಗಿನ ಚಾಳಿಯಂತೆ ದೊಡ್ಡ ಮಳಿಗೆಯಲ್ಲಿ ಅಲೆಯುವ ಕಥೆ. ವ್ಯಾಪಾರಿ ನಾಗರಿಕತೆಗೆ ಇದಕ್ಕಿಂತ ಚೆನ್ನಾದ ಕನ್ನಡಿ ಬೇಕೆ! ಅದಕ್ಕೆ ಕಾದಿದ್ದದ್ದು ‘ಎಕ್ಸ್’ ಮುದ್ರೆ. ಎಕ್ಸ್ ಚಿತ್ರದ ಜಾಹೀರಾತನ್ನು ಅಲ್ಲಿನ ಹಲವು ಪತ್ರಿಕೆಗಳು ಮುಟ್ಟುತ್ತಿರಲಿಲ್ಲ. ಕೊನೆಗೆ ಮುದ್ರೆಯೇ ಇಲ್ಲದೆ ಅದು ಬಿಡುಗಡೆಯಾಯಿತು. ಅದರಲ್ಲಿ ರಕ್ತ ಹೆಚ್ಚೇ, ಒಪ್ಪೋಣ.

ಆದರೆ 1982ರ ‘ಪೋಲ್ಟರ್‌ಗೈಸ್ಟ್’ ನೋಡಿ. ಸ್ಪೀಲ್‌ಬರ್ಗ್ ನಿರ್ಮಿಸಿದ್ದು, ಹಿಂದೆ ಭಾರೀ ಕಂಪೆನಿ. ಕನ್ನಡಿಯ ಮುಂದೆ ಒಬ್ಬ ತನ್ನ ಮುಖದ ಮಾಂಸವನ್ನೇ ಕಿತ್ತುಕೊಳ್ಳುವ ದೃಶ್ಯವಿದೆ. ಹದಿನೇಳರೊಳಗಿನವರು ಹಿರಿಯರ ಜೊತೆಗೆ ಮಾತ್ರ ನೋಡಬೇಕೆಂಬ ‘ಆರ್’ ಮುದ್ರೆ ಮೊದಲು ಬಿತ್ತು. ಮೇಲ್ಮನವಿ ಹೋಯಿತು, ಮಕ್ಕಳಿಗೆಲ್ಲ ಬಾಗಿಲು ತೆರೆಯುವ ‘ಪಿಜಿ’ ಬಂತು!

1984ರಲ್ಲಿ ಅದೇ ಸ್ಪೀಲ್‌ಬರ್ಗ್ ‘ಟೆಂಪಲ್ ಆಫ್ ಡೂಮ್’ ತೆಗೆದರು. ಬದುಕಿರುವ ಮನುಷ್ಯನ ಎದೆಯಿಂದ ಗುಂಡಿಗೆ ಕೀಳುವವನಾಗಿ ನಮ್ಮ ಅಮರೀಶ್ ಪುರಿ (ಕನ್ನಡದ ‘ಕಾಡು’ ಚಿತ್ರದಲ್ಲಿ ನಟಿಸಿದವರೇ). ಇದಕ್ಕೂ ಪಿಜಿ! ಇಂಗ್ಲೆಂಡಿನ ಮಂಡಲಿ ಅದೇ ಮುದ್ರೆ ಕೊಡಲು ಚಿತ್ರಕ್ಕೆ ಕತ್ತರಿ ಹಾಕಿಸಿತು. ಅಮೆರಿಕಾದ ತಂದೆತಾಯಿಗಳು ಕೂಗೆಬ್ಬಿಸಿದಾಗ ನಡುವೆ ‘ಪಿಜಿ-13’ ಇರಲೆಂದು ಸಲಹೆಯಿತ್ತವರೂ ಸ್ಪೀಲ್‌ಬರ್ಗರೇ. ಅದೇ ವರ್ಷದ ಜುಲೈಯಲ್ಲಿ ಅದು ಜಾರಿಗೆ ಬಂತು. ಅದೂ ಎಚ್ಚರಿಕೆಯ ಮಾತಷ್ಟೆ, ತಡೆಯಲ್ಲ.

ನಮ್ಮಲ್ಲಿ ತಕ್ಕಡಿ ಸರ್ಕಾರಿ ಮಂಡಲಿಯ ಕೈಯಲ್ಲಿದೆ. 1952ರ ಕಾಯಿದೆಯಲ್ಲಿ ‘ಯು’ ಮತ್ತು ‘ಎ’ ಇದ್ದವು, 1983ರಲ್ಲಿ ‘ಯುಎ’ ಸೇರಿತು. 2023ರ ತಿದ್ದುಪಡಿಯಿಂದ ಯುಎ 7, 13, 16 ಎಂದು ಮೂರಾಗಿ ಒಡೆಯಿತು. ಈ ಮೂರೂ ತಂದೆತಾಯಿಗಳಿಗೆ ಸಲಹೆ ಮಾತ್ರ. ‘ಎ’ ಚಿತ್ರಕ್ಕೆ ಹುಡುಗನೊಬ್ಬನನ್ನು ಒಳಗೆ ಬಿಟ್ಟರೆ ಚಿತ್ರಮಂದಿರದವನಿಗೆ ಶಿಕ್ಷೆಯುಂಟು. ಅದೇ ಬಗೆಯ ರಕ್ತಪಾತ ಮೊಬೈಲಿನಲ್ಲಿ ಬಂದರೆ? 2021ರ ನಿಯಮಗಳ ಪ್ರಕಾರ ಅಲ್ಲಿ ವಯಸ್ಸಿನ ಮುದ್ರೆ ಒತ್ತುವವರು ಮಾರುವ ಕಂಪೆನಿಗಳೇ. ಬೀಗದ ವ್ಯವಸ್ಥೆ ಇರಬೇಕೆಂದಿದೆ, ನಿಜ. ರಾತ್ರಿ ಪಾಳಿಗೆ ಹೋದ ಗಿರಣಿ ಕೆಲಸಗಾರನ ಮನೆಯಲ್ಲಿ, ಇರುವ ಒಂದೇ ಫೋನಿಗೆ ಆ ಬೀಗ ಹಾಕುವವರಾರು?

ಇನ್ನು, ಮಂಡಲಿಯ ತೀರ್ಪು ತಪ್ಪೆನಿಸಿದರೆ ಮೊದಲು ಮೇಲ್ಮನವಿ ನ್ಯಾಯಮಂಡಲಿಯಿತ್ತು. 2021ರಲ್ಲಿ ಅದನ್ನು ರದ್ದುಪಡಿಸಿದರು. ಇಂದು ಹೈಕೋರ್ಟೇ ಗತಿ. ವಕೀಲರ ಫೀಜು ಯಾರಿಗೆ ಹಗುರವೆಂಬುದನ್ನು ವಾಚಕರಿಗೆ ಹೇಳಬೇಕಿಲ್ಲ. ಆ ನ್ಯಾಯಮಂಡಲಿ ಮರಳಿ ಬರಲಿ. ಯಾವ ಚಿತ್ರಕ್ಕೆ ಯಾವ ಮುದ್ರೆ, ಯಾವ ದೃಶ್ಯದ ಕಾರಣಕ್ಕೆ ಎಂಬುದನ್ನು ಮಂಡಲಿ ಟಿಕೆಟ್ ಕಿಟಕಿಯ ಬಳಿ ಕನ್ನಡದಲ್ಲಿ ಅಂಟಿಸಲಿ. ಮೊಬೈಲಿನ ಚಿತ್ರಗಳಿಗೂ ಅದೇ ಮಂಡಲಿ ಮುದ್ರೆ ಒತ್ತಲಿ.